ಆಂಜನಮ್ಮ ಮುಚ್ಚಿಟ್ಟ ಬೋರ್ ನೀರು

ಹಂಸಳ ಮುಂದೆ ಮುಚ್ಚಳವಿಲ್ಲದ ಪಾತ್ರೆ ಇಟ್ಟು ನೋಡಿ, ಅವಳ ಕೈ ಸುಮ್ಮನಿದ್ದರೆ ಕೇಳಿ! ಕೆ.ಆರ್. ಪುರದ ಹತ್ತಿರದ ಊರಮನೆಯಲ್ಲಿ ಅವಳನ್ನು ಸಾಕಿದ ಅಜ್ಜಿ ಆಂಜನಮ್ಮ ಕಲಿಸಿದ ಪಾಠ ಅದು. ತೆರೆದಿಟ್ಟ ನೀರನ್ನು ಆ ಮನೆಯಲ್ಲಿ ನಾಯಿಗೂ ಹಾಕುತ್ತಿರಲಿಲ್ಲ. ಹೊಲ ಹೋಗಿ ಬಾಡಿಗೆ ಮನೆಗಳೆದ್ದವು, ಬಾವಿ ಹೋಗಿ ಬೋರ್ ಬಂತು. ಮುಚ್ಚುವ ಅಭ್ಯಾಸ ಮಾತ್ರ ಹೋಗಲಿಲ್ಲ.

ಈಗ ಹಂಸ ಜೀವನ್ ಬಿಮಾ ನಗರದ ಒಂದು ಸಣ್ಣ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುತ್ತಾಳೆ. ನೀರಿನ ವಿಕಿರಣ ಅಳೆಯಲು ಯಾವ ಯಂತ್ರ ಕೊಳ್ಳಬೇಕೆಂದು ಆರಿಸುವ ಹೊಣೆ ಅವಳ ತಲೆಗೇ ಬಂತು. ಪರೀಕ್ಷಿಸಿ ನೋಡಲೆಂದು ಎರಡು ಬಂದು ಕೂತಿದ್ದವು. ಒಂದು ಚಿಕ್ಕ ಗೀಗರ್ ಕೌಂಟರ್: ಬೀಟಾ ಕಣಗಳನ್ನು ಎಣಿಸುತ್ತದೆ, ಆದರೆ ಅದರ ಕಿಟಕಿ ದಪ್ಪ, ಆಲ್ಫಾ ಕಣ ಒಳಗೆ ನುಗ್ಗಲಾರದು. ಇನ್ನೊಂದು ಸಿಲಿಂಡರಿನ ಗ್ಯಾಸ್ ಕುಡಿಯುತ್ತ ನಡೆಯುವ ದೊಡ್ಡ ಕೌಂಟರ್. ಅದರ ಕಿಟಕಿ ಈರುಳ್ಳಿ ಸಿಪ್ಪೆಗಿಂತ ತೆಳು. ಆಲ್ಫಾ, ಬೀಟಾ ಎರಡನ್ನೂ ಬೇರೆ ಬೇರೆ ಎಣಿಸುತ್ತದೆ.

ಪರೀಕ್ಷೆಗೆ ಹಂಸ ಅಜ್ಜಿ ಮನೆಯ ಬೋರ್ ನೀರನ್ನೇ ತಂದಳು. ದೋಷವಿಲ್ಲವೆಂದರೆ ಅಜ್ಜಿಗೂ ಬಾಡಿಗೆ ಮನೆಗಳ ಮಕ್ಕಳಿಗೂ ಮುಂದೆಯೂ ಅದೇ ನೀರು. ಕಾಯಿಸಿ ಇಂಗಿಸಿದಾಗ ಸ್ಟೀಲ್ ಬಿಲ್ಲೆಯ ಮೇಲೆ ಬಿಳಿ ಪುಡಿ ಉಳಿಯಿತು. ರಸ್ತೆ ಅಗೆತದ ಧೂಳು ಬೀಳದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಕವರಿನ ತುಂಡು ಬಿಗಿದಳು. ಎರಡು ಯಂತ್ರಗಳೂ ಸ್ವಲ್ಪ ಬೀಟಾ ತೋರಿಸಿದವು. ದೊಡ್ಡದರಲ್ಲಿ ಆಲ್ಫಾ ಸೊನ್ನೆ.

"ಎರಡೂ ಒಂದೇ ಹೇಳ್ತಿವೆ ಅಂದ್ಮೇಲೆ ಈ ಆನೆ ಯಾಕಮ್ಮ? ಚಿಕ್ಕದೇ ಸಾಕು ಬಿಡು," ಅಂದರು ಲ್ಯಾಬಿನ ಮಾಲೀಕ ಮುನೀಂದ್ರ.

"ಒಂದ್ನಿಮಿಷ ಸಾರ್. ಪೂರ್ತಿ ಸೊನ್ನೆ ಅಂದ್ರೆ ನಂಗ್ಯಾಕೋ ಸರಿ ಅನ್ನಿಸ್ತಿಲ್ಲ."

ದೊಡ್ಡ ಯಂತ್ರದ ಜೊತೆ ಬಂದಿದ್ದ, ಆಲ್ಫಾ ಇದೆಯೆಂದು ಗೊತ್ತಿದ್ದ ಮಾದರಿ ಬಿಲ್ಲೆಯನ್ನು ಒಳಗಿಟ್ಟಳು. ಅಂಕಿ ದಡದಡನೆ ಏರಿತು. ಯಂತ್ರಕ್ಕೇನೂ ಆಗಿಲ್ಲ. ಅದನ್ನು ಹೊರಗೆ ತೆಗೆದಿಡುವಾಗ ಕೈ ತಾನಾಗಿಯೇ ಪ್ಲಾಸ್ಟಿಕ್ ತುಂಡಿಗೆ ತಡಕಾಡಿತು, ನೋಡಿ! ಅಜ್ಜಿಯ ನೀರಿನ ಬಿಲ್ಲೆಗೂ ಅದನ್ನೇ ಬಿಗಿದಿದ್ದಳಲ್ಲ! ಮಾದರಿಯನ್ನೂ ಹಾಗೆಯೇ ಮುಚ್ಚಿ ಮತ್ತೆ ಒಳಗಿಟ್ಟಳು. ಅಂಕಿ ಅಲ್ಲಾಡಲಿಲ್ಲ.

ಅಬ್ಬಬ್ಬಾ! ಕೋಟಿ ಕೋಟಿ ವರ್ಷ ಬೋರಿನಡಿಯ ಬಂಡೆಯೊಳಗೆ ಕೂತಿದ್ದು, ಸಿಡಿದು ಹೊರಟ ಕಣ ಒಂದು ಪ್ಲಾಸ್ಟಿಕ್ ಕವರಿಗೆ ಸೋತು ನಿಲ್ಲುವುದೇ! ಕೈ ಮೇಲೆ ಬಿದ್ದರೆ ಚರ್ಮವೇ ತಡೆದೀತು. ನೀರಿನ ಜೊತೆ ಹೊಟ್ಟೆಗಿಳಿದರೆ ತಡೆಯುವವರು ಯಾರು?

ಅಜ್ಜಿಯ ನೀರಿನ ಬಿಲ್ಲೆಯ ಪ್ಲಾಸ್ಟಿಕ್ ಕಿತ್ತು, ಮತ್ತೆ ದೊಡ್ಡ ಯಂತ್ರದೊಳಗಿಟ್ಟಳು. ಆಲ್ಫಾ ಅಂಕಿ ಒಂದೊಂದಾಗಿ ಏರಿತು, ಏರುತ್ತಲೇ ಹೋಯಿತು, ಕುಡಿಯುವ ನೀರಿನ ಮಿತಿಯನ್ನೂ ದಾಟಿತು. ಮುನೀಂದ್ರ ಬಾಗಿ ನೋಡಿ, ಚಿಕ್ಕದನ್ನು ತಾವೇ ಪೆಟ್ಟಿಗೆಗೆ ಹಾಕಿದರು.

ಹಂಸ ಕೂಡಲೇ ಫೋನ್ ಮಾಡಿದಳು. "ಅಜ್ಜಿ, ಇವತ್ತಿಂದ ಬೋರ್ ನೀರು ಕುಡೀಬೇಡ. ಬಾಡಿಗೆ ಮನೆಯವ್ರಿಗೂ ಹೇಳ್ಬಿಡು. ನಲ್ಲೀಲಿ ಬರೋ ಕಾವೇರಿ ನೀರೇ ಹಿಡ್ಕೊಳ್ಳಿ."

"ಯಾಕೆ, ಏನಾಗೈತೆ ನೀರ್ಗೆ?"

"ನೆಲದೊಳಗಿಂದಾನೇ ಬಂದಿರೋದು ಅಜ್ಜಿ. ಕಣ್ಣಿಗೆ ಕಾಣಲ್ಲ."

ಆಂಜನಮ್ಮನಿಗೆ ರೋಷ ಉಕ್ಕಿತು.

"ಒಂದಿನಾನಾದ್ರೂ ತೆರೆದಿಟ್ಟಿದ್ದೀನೇನೇ? ನಿಮ್ಮಜ್ಜನ್ ಕಾಲದಿಂದ ಮುಚ್ಚೇ ಇಟ್ಟಿದ್ದೀನಲ್ಲೇ ನಾನು!"