ಹೋಟೆಲ್ ಹಾಡುಗಾರ್ತಿಗೆ ನುಡಿಸಿದ ಪಿಟೀಲು

ಅರಮನೆಯ ಬ್ಯಾಂಡಿನಲ್ಲಿ ನಾನು ಏಳು ವರ್ಷ ಪಿಟೀಲು ನುಡಿಸಿದವನು. ಸ್ವಾತಂತ್ರ್ಯ ಬಂದ ಮೇಲೆ ಬ್ಯಾಂಡು ಚಿಕ್ಕದಾಗುತ್ತ ಬಂತು, ಕೆಲವು ವರ್ಷಗಳಲ್ಲಿ ನನಗೂ ಬಿಡುಗಡೆಯಾಯಿತು. ಪಿಟೀಲು ಕೆಳಗಿಡಲು ಮನಸ್ಸಾಗಲಿಲ್ಲ. ನಮ್ಮ ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಸಂಜೆ ಪ್ರವಾಸಿಗಳು ಟೀ ಕುಡಿಯುವ ಹೊತ್ತಿಗೆ ವಾದ್ಯ ನುಡಿಸುವವರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಹೋದೆ. ಪಿಯಾನೋದವರೊಬ್ಬರು, ಡ್ರಮ್ಮಿನವರೊಬ್ಬರು ಆಗಲೇ ಇದ್ದರು. ಮುಂದೆ ನಿಂತು ಹಾಡುತ್ತಿದ್ದವರು ಸುಮಾರು ನಲವತ್ತು ವಯಸ್ಸಿನ ಒಬ್ಬ ಹೆಂಗಸು.

ಆಕೆ ಬನ್ನಿಮಂಟಪದ ಕಡೆಯವರು. ತಂದೆ ಬ್ರಿಟಿಷ್ ದೊರೆಗಳ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಹಾಡು ಕಲಿತದ್ದು ಚರ್ಚಿನಲ್ಲಿ, ಇಂಗ್ಲಿಷು ಕಲಿತದ್ದು ಬರೀ ಕಿವಿಯಲ್ಲಿ. ನೀಲಿ ರೇಷ್ಮೆ ಸೀರೆಯುಟ್ಟು, ಮುಡಿಗೆ ಮೈಸೂರು ಮಲ್ಲಿಗೆ ಮುಡಿದು, ಆಗಷ್ಟೇ ಗ್ರಾಮಫೋನ್ ಪ್ಲೇಟುಗಳಲ್ಲಿ ಬಂದಿದ್ದ ವಿದೇಶಿ ಹಾಡುಗಳನ್ನು ಹಾಡುತ್ತಿದ್ದರು. ಚಂದ್ರ, ಸಮುದ್ರದ ದಂಡೆ, ಪ್ರೀತಿ, ಮತ್ತೆ ಚಂದ್ರ. ದೊಡ್ಡ ದೊಡ್ಡ ಕೃತಿಗಳನ್ನು ನುಡಿಸಿದ ಕೈ ನನ್ನದು. ಇಂಥದ್ದಕ್ಕೆ ಬಂದೆನಲ್ಲ ಎಂದು ಒಳಗೊಳಗೇ ನಾಚಿಕೆಪಟ್ಟೆ.

ಎರಡನೆಯ ವಾರ ನನ್ನ ಗರ್ವ ಹೊರಗೇ ಬಂತು. ವಯಸ್ಸಾದ ದಂಪತಿಗಳಿಬ್ಬರು ಹಜಾರದ ನಡುವೆ ನಿಧಾನವಾಗಿ ಹೆಜ್ಜೆ ಹಾಕುತ್ತ ಕುಣಿಯುತ್ತಿದ್ದರು. ಅಜ್ಜಿಯ ಊರುಗೋಲು ಕುರ್ಚಿಗೆ ಒರಗಿತ್ತು. ಚರಣಗಳ ನಡುವೆ ನನಗಿದ್ದ ಸ್ವಲ್ಪ ಜಾಗವನ್ನು ನಾನು ಎಳೆದೆ, ವೇಗ ಏರಿಸಿದೆ, ಕಲಿತದ್ದನ್ನೆಲ್ಲ ಸುರಿದೆ. ಒಂದಿಬ್ಬರು ಚಪ್ಪಾಳೆ ತಟ್ಟಿದರು. ಅಜ್ಜಿಗೆ ಮಾತ್ರ ಹೆಜ್ಜೆ ತಪ್ಪಿತು. ನಕ್ಕು, ಗಂಡನ ತೋಳು ಹಿಡಿದು ಹೋಗಿ ಕುಳಿತುಬಿಟ್ಟರು.

ಕಾರ್ಯಕ್ರಮ ಮುಗಿದ ಮೇಲೆ ಆಕೆ ನನ್ನ ಪಕ್ಕಕ್ಕೆ ಬಂದರು. "ಮೇಷ್ಟ್ರೇ, ನಿಮ್ಮ ಕೈ ಬಂಗಾರ. ಆದ್ರೆ ಆ ಅಜ್ಜಿ ಕೋಲು ಬಿಟ್ಟು ಎದ್ದಿದ್ರು. ನೀವು ಕೂರಿಸ್ಬುಟ್ರಿ ಕಣ್ರೀ."

ನನಗೆ ಸಿಟ್ಟು ಬಂತು. "ಇದೂ ಒಂದು ಸಂಗೀತವೇನಮ್ಮ?" ಎಂದೆ.

"ಹೌದೋ ಅಲ್ವೋ ನಂಗೊತ್ತಿಲ್ಲ. ಊಟಿಯಿಂದ ಕಾರಲ್ಲಿ ಕುಲುಕಾಡ್ಕೊಂಡು ಬಂದವ್ರೆ. ಅವರ ಸುಸ್ತು ಕಳೀಬೇಕು, ಅಷ್ಟೇ ನಮ್ಮ ಕೆಲಸ."

ಆ ಮಾತು ಮನೆಯವರೆಗೂ ನನ್ನ ಜೊತೆ ಬಂತು. ಮರುದಿನ ಸಂಜೆ ಆಕೆಯೇ ಆ ದಂಪತಿಯ ಮೇಜಿನ ಬಳಿ ಹೋಗಿ ಅಜ್ಜಿಯನ್ನು ಕರೆದರು, ಅದೇ ಹಾಡು ಎತ್ತಿಕೊಂಡರು. ನಾನು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ಆಕೆಯ ದನಿಯ ಹಿಂದೆ ನಿಂತೆ. ದಂಪತಿ ಕೊನೆಯವರೆಗೂ ಕುಣಿದರು. ಹೊರಡುವಾಗ ಅಜ್ಜಿ ನನ್ನತ್ತಲೂ ಕೈಬೀಸಿದರು. ನನಗೆ ಆದ ಸಂತೋಷ ನನಗೇ ಆಶ್ಚರ್ಯ ತಂದಿತು.

ಆ ಚಳಿಗಾಲದಲ್ಲೇ ನೆಗಡಿಯಾಗಿ ಆಕೆಯ ಗಂಟಲು ಕಟ್ಟಿತು. ಮ್ಯಾನೇಜರು ನನಗೇ ಹಾಡಲು ಹೇಳಿದರು. ಆಕೆ ತಮ್ಮ ಹಾಡಿನ ನೋಟ್‌ಬುಕ್ಕು ಕಳಿಸಿಕೊಟ್ಟರು. ತೆರೆದು ನೋಡಿದರೆ ಇಂಗ್ಲಿಷ್, ಇಟಾಲಿಯನ್, ಎಲ್ಲ ಹಾಡುಗಳೂ ಕನ್ನಡ ಅಕ್ಷರದಲ್ಲಿ! ಸಾಲುಗಳ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: "ಇಲ್ಲಿ ಉಸಿರು", "ಇಲ್ಲಿ ತಡೆ", "ಹಿಂದಿನ ಮೇಜು ನೋಡು." ಸಲೀಸು ಹಾಡು ಎಂದುಕೊಂಡು ನಿಂತೆ. ಮೂರನೆಯ ಸಾಲಿಗೇ ಉಸಿರು ಸಾಲದಾಯಿತು. ಜನ ಮರ್ಯಾದೆಯಿಂದ ಕೇಕಿನ ಕಡೆ ತಿರುಗಿದರು. ಆಕೆ ಸಲೀಸಾಗಿ ಹಾಡುತ್ತಿದ್ದುದರ ಹಿಂದೆ ಎಷ್ಟು ದುಡಿಮೆಯಿತ್ತೆಂದು ಆ ಸಂಜೆ ತಿಳಿಯಿತು.

ಆಕೆ ಮರಳಿ ಬಂದ ಮೇಲೆ ನಾನು ದಿನಾ ಅರ್ಧ ಗಂಟೆ ಮುಂಚೆ ಹೋಗಲು ಶುರುಮಾಡಿದೆ. ಹೊಸ ಪ್ಲೇಟು ಬಂದರೆ ಇಬ್ಬರೂ ಕುಳಿತು ಕೇಳುತ್ತಿದ್ದೆವು. ನಾನು ಸ್ವರ ಹಿಡಿಯುತ್ತಿದ್ದೆ, ಆಕೆ ಮಾತು ಹಿಡಿಯುತ್ತಿದ್ದರು. ಒಮ್ಮೆ ಇಟಲಿಯವರೊಬ್ಬರು ತಮ್ಮ ನುಡಿಯ ಹಾಡು ಕೇಳಿ ಓಡಿಬಂದು ಗಡಗಡನೆ ಮಾತಾಡತೊಡಗಿದರು. ತಮಗೆ ಒಂದು ಪದದ ಅರ್ಥವೂ ಗೊತ್ತಿಲ್ಲವೆಂದು ಆಕೆ ಕೈಸನ್ನೆಯಲ್ಲಿ ತಿಳಿಸಿದರು. ಆತ ನಂಬಲೇ ಇಲ್ಲ. ಕೊನೆಗೆ ನೋಟ್‌ಬುಕ್ಕು ತೋರಿಸಿದಾಗ ನಮ್ಮ ದುಂಡು ಅಕ್ಷರ ನೋಡಿ ಹೊಟ್ಟೆ ಹಿಡಿದು ನಕ್ಕರು, ತಪ್ಪಾಗಿದ್ದ ಒಂದು ಪದವನ್ನು ಮೂರು ಸಲ ಹೇಳಿಕೊಟ್ಟರು. ಆಕೆ ಅಲ್ಲೇ ತಿದ್ದಿಕೊಂಡರು.

ನನ್ನ ಹೆಂಡತಿ ವೀಣೆ ಕಲಿತವಳು. ಒಂದು ಭಾನುವಾರ ಕರೆದುಕೊಂಡು ಹೋದೆ. ಮೂಗು ಮುರಿಯುತ್ತಾಳೆಂದುಕೊಂಡಿದ್ದೆ. ಜಟಕಾ ಹತ್ತಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಅರ್ಥ ಆಗ್ಲಿಲ್ಲ ಕಣ್ರೀ, ಆದ್ರೆ ನಂಗೇ ಹಾಡಿದ ಹಾಗಿತ್ತು."

ಎಂಟು ವರ್ಷ ಆಕೆಯ ಹಿಂದೆ ನುಡಿಸಿದೆ. ಆಮೇಲೆ ನನಗೆ ಶಾಲೆಯಲ್ಲಿ ಸಂಗೀತದ ಮೇಷ್ಟ್ರ ಕೆಲಸ ಸಿಕ್ಕಿತು. ಹೊರಡುವ ದಿನ, ಬಹಳ ಕಾಲದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟೆ: "ಅಮ್ಮ, ನಾನು ಬೇಕಾದಷ್ಟು ವಿದ್ವಾಂಸರ ಜೊತೆ ಕೂತಿದ್ದೀನಿ. ಕೇಳೋರನ್ನ ನಿಮ್ಮಷ್ಟು ನೋಡಿಕೊಂಡೋರು ಯಾರೂ ಇಲ್ಲ."

ಆಕೆಯ ಮುಖ ಕೆಂಪಾಯಿತು. "ಅಯ್ಯೋ ಬುಡಿ ಮೇಷ್ಟ್ರೇ," ಎಂದು ಸೆರಗು ಸರಿಮಾಡಿಕೊಂಡು, "ಜನ ಬಂದ್ಬುಟ್ರು, ಶ್ರುತಿ ಕೊಡಿ," ಎಂದರು.

ಕೊಟ್ಟೆ.