ಅವ್ವ ಕೂತ ದಿನ

ಅವ್ವನಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ ಕಷ್ಟ ಆಮೇಲೆ ಬಂತು. ಹೋದ ಶ್ರಾವಣದಲ್ಲಿ ಅವ್ವ ಕೂರುವುದನ್ನೇ ಬಿಟ್ಟಳು.

ಕೂತರೆ ತಕ್ಷಣ ಏಳುವಳು, ಎದ್ದರೆ ನಡೆಯುವಳು. ದುಂಡಸಿಯ ನಮ್ಮ ಎರಡು ಅಂಕಣದ ಮನೆಯಲ್ಲಿ ಬಾಗಿಲಿಂದ ಒಲೆಯವರೆಗೆ, ಒಲೆಯಿಂದ ಬಾಗಿಲವರೆಗೆ, ಗೋಡೆ ಹಿಡಿದುಕೊಂಡು. "ಕುಂದರಬೇ" ಎಂದರೆ, "ಕುಂದ್ರಾಕ ಆಗವಲ್ದು ಶಾಂತಾ, ಮೈಯಾಗ ಇರಿವಿ ಹರದಂಗ ಆಗಾಕತ್ತೈತಿ" ಎಂದು ಅಳುವಳು. ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಬಂದ ನಾನು, ಎಲ್ಲಿ ಬೀಳುವಳೋ ಎಂದು ಅವಳ ಹಿಂದೆಯೇ ನಡೆಯಬೇಕು. ನಾನೂ ಸೋತು ಹೋಗಿದ್ದೆ.

ಯಾವುದೋ ಹರಕೆ ಉಳಿದಿದೆ, ಅದಕ್ಕೇ ಜೀವ ಅಲೆಯುತ್ತಿದೆ ಎಂದರು ಬಂಧುಗಳೆಲ್ಲ. "ನಾ ಯಾವ ದೇವರಿಗೂ ಬಾಕಿ ಇಟ್ಟಿಲ್ಲ ಯವ್ವಾ" ಎಂದಳು ಅವ್ವ. ಅವಳ ಮಾತು ಯಾರು ಕೇಳುತ್ತಾರೆ? ಅಬಲೂರಿನ ಗುಡಿಯಲ್ಲಿ ಕಾಯಿ ಒಡೆಸಿದೆವು, ಹಾನಗಲ್ಲಿಗೂ ಹೋಗಿಬಂದೆವು. ಬಸ್ಸಿನಲ್ಲೂ ಅವ್ವ ಕಂಬ ಹಿಡಿದು ನಿಂತೇ ಇದ್ದಳು. ಪುಣ್ಯಾತ್ಮರು ಅವಳಿಗೆಂದು ಬಿಟ್ಟುಕೊಟ್ಟ ಸೀಟಿನಲ್ಲಿ ನಾನು ಕೂತೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಒಂದು ಗುರುವಾರ ಹುಲಗೂರಿನ ದರ್ಗಾಕ್ಕೆ ಹೋದೆವು. ಅಷ್ಟರಲ್ಲಿ ನನ್ನ ಬೇಡಿಕೆ ಸಣ್ಣದಾಗಿತ್ತು. ರೋಗ ವಾಸಿ ಮಾಡು ಎನ್ನಲಿಲ್ಲ. "ಅಜ್ಜಾರ, ನಮ್ಮವ್ವನ್ನ ಒಂದ ತಾಸು ಕುಂದರಸ್ರಿ" ಎಂದಷ್ಟೇ ಗದ್ದುಗೆಯ ಮುಂದೆ ಬೇಡಿದೆ.

ಹೊರಗೆ ಸಕ್ಕರೆ, ಊದಿನಕಡ್ಡಿ ಮಾರುವ ಮುದುಕಿಯೊಬ್ಬರು ಅವ್ವನ ಕಾಲನ್ನೇ ನೋಡುತ್ತಿದ್ದರು. ನಿಂತಲ್ಲೂ ಆ ಪಾದಗಳು ಸುಮ್ಮನಿರಲಿಲ್ಲ.

"ತಂಗಿ, ಏನ್ ಗುಳಿಗಿ ಕೊಡಾಕತ್ತೀರಿ? ನಮ್ಮ ಮನಿಯವರಿಗೆ ತಲಿ ಕೆಟ್ಟಾಗ ಗುಳಿಗಿ ಕೊಟ್ಟಿದ್ರು. ಅವರ ಕಾಲೂ ಹಿಂಗ ನಿಲ್ತಿರ್ಲಿಲ್ಲ."

ನನಗೆ ಸಿಟ್ಟೇ ಬಂತು. ಅವ್ವನ ತಲೆ ಸರಿಯಾಗಿತ್ತು, ಅವಳಿಗೆ ಕೊಟ್ಟದ್ದು ವಾಂತಿಯ ಗುಳಿಗೆ. ಅದನ್ನೂ ದಿನಾ ದೇವರ ಜಗಲಿಯ ಮೇಲಿಟ್ಟು, ವಿಭೂತಿ ಮುಟ್ಟಿಸಿಯೇ ಕೊಡುತ್ತಿದ್ದೆ. ಪ್ರಸಾದದ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆಯೇ?

ಆದರೂ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. "ವಾಂತಿ ಗುಳಿಗಿ ಶುರು ಆದ ಮ್ಯಾಲೇನ್ರಿ ಇದು?" ಎಂದರು ಡಾಕ್ಟರು. ಯೋಚಿಸಿ ನೋಡಿದರೆ ಹೌದು, ಆ ವಾರದಿಂದಲೇ. ಮಾನಸಿಕ ಕಾಯಿಲೆಗೆ ಕೊಡುವ ಔಷಧವನ್ನೇ ಸ್ವಲ್ಪ ಪ್ರಮಾಣದಲ್ಲಿ ವಾಂತಿಗೂ ಕೊಡುತ್ತಾರಂತೆ. ಅಪರೂಪಕ್ಕೆ ಕೆಲವರಿಗೆ ಹೀಗೆ ಕೂರಲಾಗದ ಚಡಪಡಿಕೆ ಹತ್ತುತ್ತದಂತೆ. "ಅದೊಂದ ನಿಲ್ಲಸ್ರಿ, ಉಳಿದವು ಕೊಡ್ರಿ. ನಾಳೆ ಅವರನ್ನ ಕರ್ಕೊಂಡು ಬರ್ರಿ" ಎಂದರು.

ಗುಳಿಗೆ ಬದಲಾಯಿತು. ಮೂರು ದಿನ ಕಳೆದು ನಾನು ಶಾಲೆಯಿಂದ ಬಂದಾಗ ಮನೆಯಲ್ಲಿ ಹೆಜ್ಜೆಯ ಸದ್ದಿರಲಿಲ್ಲ. ಚಪ್ಪಲಿಯನ್ನೂ ಬಿಚ್ಚಲಿಲ್ಲ. ಒಳಗೆ ಹೋದರೆ ಅವ್ವ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. "ನೀನೂ ನನ್ನ ಹಿಂದ ಭಾಳ ಅಡ್ಡಾಡೀದಿ. ಕುಂದರ ಬಾ ಯವ್ವಾ" ಎಂದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ಅವ್ವ ದೀಪಾವಳಿ ದಾಟಲಿಲ್ಲ. ಹುಲಗೂರಿನ ಅಜ್ಜ ಗುಣಪಡಿಸಲಿಲ್ಲವಲ್ಲ, ಅದೆಂಥ ಕೃಪೆ ಎಂದು ಕೇಳುವವರಿದ್ದಾರೆ. ಕೇಳಿರಿ ಶರಣರೇ, ಸಕ್ಕರೆ ಮಾರುವ ಆ ತಾಯಿಯ ಬಾಯಲ್ಲಿ ಆ ಮಾತು ಇಟ್ಟವರು ಯಾರೆಂದು ನನಗೆ ಗೊತ್ತು. ನಾನು ಬೇಡಿದ್ದು ಒಂದು ತಾಸು. ಅವ್ವ ಎರಡು ತಿಂಗಳು ನನ್ನ ಪಕ್ಕದಲ್ಲಿ ಕೂತಿದ್ದಳು.