ನಾನು ಓದಿದ ಠರಾವು

ಪೌರನೀತಿಯ ಪುಸ್ತಕದಲ್ಲಿ ಆ ಪಾಠ ಬಂದ ದಿನ ನನ್ನ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು. ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿಗೆ ತರುತ್ತದೆ, ನ್ಯಾಯಾಂಗ ತಪ್ಪು ಒಪ್ಪು ನೋಡುತ್ತದೆ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ನಾನಿದನ್ನು ಕಲಿಸುವಾಗ ಹಿಂದಿನ ಬೆಂಚಿನವರು, "ಇವತ್ತ ಅಕ್ಕೋರ ತಲಿ ಕಾದೈತಿ, ಸುಮ್ಮ ಕುಂದರ್ರಿ" ಎಂದು ಪಿಸುಗುಟ್ಟುತ್ತಿದ್ದರು. ಹುಡುಗರು ಹೇಳಿದ್ದು ಖರೆ. ತಲೆ ಕಾದಿರುತ್ತಿತ್ತು. ನನ್ನ ಸಿಟ್ಟು ಸಂವಿಧಾನದ ಮೇಲಲ್ಲ. ಅದನ್ನು ಬರೆದವರು ಮನುಷ್ಯನ ಗುಣ ಬಲ್ಲವರು. ಮೂರು ಅಧಿಕಾರ ಒಬ್ಬನ ಕೈಗೆ ಸಿಕ್ಕರೆ ಏನಾಗುತ್ತದೆಂದು ಗೊತ್ತಿದ್ದೇ ಬೇರೆ ಬೇರೆ ಇಟ್ಟರು. ಅದನ್ನು ನನಗೆ ಚೆಂದಾಗಿ ಕಲಿಸಿದವರ ಮೇಲೆ ನನ್ನ ಸಿಟ್ಟು. ಅದಕ್ಕಿಂತ ಹೆಚ್ಚಿನ ಸಿಟ್ಟು ಇನ್ನೊಬ್ಬರ ಮೇಲಿದೆ, ಅವರ ವಿಷಯ ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ಎಪ್ಪತ್ತರ ದಶಕದ ನಡುವೆ ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ನಮ್ಮಲ್ಲಿ ದೈವ ಎಂದರೆ ಸಮಾಜದ ಹಿರಿಯರು ಕೂಡುವ ಸಭೆ. ಮದುವೆ ಮುರಿದರೂ ಗೋಡೆ ಬಿದ್ದರೂ ದೈವ ಕೂಡಬೇಕು. ನಮ್ಮ ದೈವದ ಹಿರಿಯ ಪುರಸಭೆಯ ಮೆಂಬರೂ ಆಗಿದ್ದ, ನೂಲು ಕೊಡುವ ಸೊಸೈಟಿಯ ಚೇರ್ಮನ್ನನೂ ಆಗಿದ್ದ. ಆತ ಬೆಳಿಗ್ಗೆ ನಿಯಮ ಮಾಡುತ್ತಿದ್ದ, ಮಧ್ಯಾಹ್ನ ಅದನ್ನು ಮುರಿದವರನ್ನು ಹಿಡಿಯುತ್ತಿದ್ದ, ಸಂಜೆ ಅವರ ನ್ಯಾಯವನ್ನೂ ತಾನೇ ಹೇಳುತ್ತಿದ್ದ. ಪಂಚರಲ್ಲಿ ಪರಮೇಶ್ವರ ಇರುತ್ತಾನೆ ಅಂತಾರೆ. ನಮ್ಮ ಪಂಚರಲ್ಲಿ ಆ ಒಬ್ಬನ ಹೊರತು ಯಾರೂ ಇರಲಿಲ್ಲ, ಉಳಿದವರು ಹೌದೆಂದು ಗೋಣು ಹಾಕಲಿಕ್ಕೆ ಬರುತ್ತಿದ್ದರು. ಮರುವರ್ಷ ದೇಶದ ಮೇಲೆ ತುರ್ತುಪರಿಸ್ಥಿತಿ ಬಂತೆಂದು ರೇಡಿಯೋದಲ್ಲಿ ಹೇಳಿದಾಗ ನಮ್ಮ ಓಣಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಪೌರನೀತಿ ಕಲಿಸುವ ಮಾಸ್ತರರು ನಮ್ಮ ಓಣಿಯವರೇ. ಅವರ ಅಕ್ಷರ ಮುತ್ತು ಪೋಣಿಸಿದಂತೆ. ಹಲಗೆಯ ಮೇಲೆ ಮೂರು ಮನೆ ಬರೆದು, ನಡುವೆ ಗೋಡೆ ಎಳೆದು, "ಕಾಯ್ದೆ ಮಾಡಾಂವ, ಕಾಯ್ದೆ ನಡಸಾಂವ, ನ್ಯಾಯ ಹೇಳಾಂವ, ಮೂವರೂ ಒಂದ ಮನ್ಯಾಗ ಇದ್ರ ಬಡವ ಎಲ್ಲಿಗೆ ಹೋಗಬೇಕ ಹೇಳ್ರಿ?" ಎಂದು ಕೇಳುತ್ತಿದ್ದರು. ಹಾಗೆ ಕೇಳುವಾಗ ಅವರ ದನಿ ನಡುಗುತ್ತಿತ್ತು. ನನಗೆ ಅವರೆಂದರೆ ದೇವರು. ಪಾಠವನ್ನು ಗಟ್ಟಿಯಾಗಿ ಓದಲು ಅವರು ಯಾವಾಗಲೂ ನನ್ನನ್ನೇ ಎಬ್ಬಿಸುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ, ಪೂರ್ಣವಿರಾಮ ಬಂದಲ್ಲಿ ನಿಂತು ಓದುವವಳು ಇಡೀ ಶಾಲೆಯಲ್ಲಿ ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಅಕ್ಕ ಕೆರೂರಿನ ಗಂಡನ ಮನೆಯಿಂದ ಒಬ್ಬಳೇ ಬಂದಳು. ಹುಬ್ಬಿನ ಮೇಲೆ ಗಾಯ ಇನ್ನೂ ಹಸಿಯಾಗಿತ್ತು. ಮಗ್ಗದ ಮೇಲೆ ಕೂತಿದ್ದ ಗಂಡ ಲಾಳಿಯನ್ನು ಎಸೆದಿದ್ದ. ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಒಂದು ಬೆರಳು ಕೆಳಗೆ ತಾಗಿದ್ದರೆ ಕಣ್ಣು ಹೋಗುತ್ತಿತ್ತು. ಅದು ಮೊದಲ ಸಲವೂ ಅಲ್ಲ. ಅಕ್ಕ ಅಳಲಿಲ್ಲ. "ಅವ್ವಾ, ನಾ ಇನ್ನ ಹೋಗೂದಿಲ್ಲ" ಎಂದಳು, ನೂಲಿನ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂತಳು. ಆಕೆಗೆ ಆಗ ಹತ್ತೊಂಬತ್ತು ವರ್ಷ.

ಗಂಡನ ತಂದೆ ದೈವದ ಹಿರಿಯನ ಸೋದರಮಾವನ ಮಗ. ಅಷ್ಟು ಹೇಳಿದರೆ ಸಾಕು.

ಅಮಾವಾಸ್ಯೆಗೆ ಮಗ್ಗಗಳಿಗೆ ಸೂಟಿ. ಅವತ್ತು ಮುಂಜಾನೆ ಗುಡಿಯ ಪಡಸಾಲೆಯಲ್ಲಿ ದೈವ ಕೂಡಿತು. ಹೆಂಗಸರು ಅಲ್ಲಿ ಕೂಡುವ ಪದ್ಧತಿಯಿಲ್ಲ, ಹಾಗಾಗಿ ಯಾರ ಬಾಳಿನ ಮಾತೋ ಆಕೆಯನ್ನೇ ಕರೆಯಲಿಲ್ಲ. ಗಾಯ ಯಾರೂ ನೋಡಲಿಲ್ಲ. ಅಪ್ಪ ಕಂಬಕ್ಕೆ ಆತು ನಿಂತಿದ್ದನಂತೆ. ಚಹಾ ಬಂದು ಕಪ್ಪು ಖಾಲಿಯಾಗುವುದರೊಳಗೆ ಎಲ್ಲವೂ ಮುಗಿದಿತ್ತು. ಕೊಟ್ಟ ಹೆಣ್ಣು ಎಂಟು ದಿನಕ್ಕಿಂತ ಹೆಚ್ಚು ತವರಿನಲ್ಲಿ ಇರಕೂಡದೆಂಬ ನಿಯಮ ಹುಟ್ಟಿದ್ದು ಅಲ್ಲೇ. ಅಕ್ಕ ಬಂದು ಹನ್ನೆರಡು ದಿನವಾಗಿತ್ತು, ಆದ್ದರಿಂದ ತಪ್ಪು ಸಿದ್ಧವಾದದ್ದೂ ಅಲ್ಲೇ. ಆಕೆ ಹಿಂದಿರುಗದಿದ್ದರೆ ನಮ್ಮ ಮನೆಯ ನೇಯ್ಗೆಯ ಹಾಸು ಹಿಡಿಯಲು ಓಣಿಯವರು ಯಾರೂ ಬರಬಾರದು ಎಂಬುದು ಶಿಕ್ಷೆ. ಮುತ್ತಿನಂಥ ಅಕ್ಷರದಲ್ಲಿ ಈ ಠರಾವನ್ನು ಬರೆದವರು ನನ್ನ ಮಾಸ್ತರರು.

ಮಧ್ಯಾಹ್ನ ಅವರೆಲ್ಲ ನಮ್ಮ ಮನೆಯ ಮುಂದೆ ಬಂದು ನಿಂತರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಅಪ್ಪನಿಗೆ ಓದು ಬಾರದು. ಹಿರಿಯ ಹಾಳೆಯನ್ನು ನನ್ನ ಕಡೆ ಚಾಚಿ, "ಈಕಿ ಸಾಲ್ಯಾಗ ಪಹಿಲಾ ನಂಬರ್ ಅಂತಲ್ಲ? ಓದವಾ, ಎಲ್ಲಾರಿಗೂ ಕೇಳೂ ಹಂಗ ಓದು" ಎಂದ. ನಾನು ಮಾಸ್ತರರ ಮುಖ ನೋಡಿದೆ. ತರಗತಿಯಲ್ಲಿ ಎಬ್ಬಿಸುವಾಗ ಗೋಣು ಹಾಕುತ್ತಿದ್ದರಲ್ಲ, ಹಾಗೇ ಹಾಕಿದರು.

ನಾನು ಓದಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು, ಹಾಳೆಯನ್ನು ಎದೆಯ ಎತ್ತರಕ್ಕೆ ಹಿಡಿದು, ಪೂರ್ಣವಿರಾಮಕ್ಕೆ ನಿಂತು ಓದಿದೆ. ಎರಡನೇ ಸಾಲಿಗೇ ಅದು ನನ್ನ ಅಕ್ಕನನ್ನು ಲಾಳಿಯ ಮುಂದೆ ಮತ್ತೆ ಕೂರಿಸುವ ಮಾತೆಂದು ಗೊತ್ತಾಗಿತ್ತು. ಆದರೂ ನಿಲ್ಲಿಸಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಓದಿ ಮುಗಿಸಿದಾಗ ಯಾರೋ ಒಬ್ಬ ಮುದುಕಿ, "ಏನ ಸುದ್ದ ಓದ್ತಾಳವಾ ಹುಡುಗಿ" ಎಂದಳು. ನನಗೆ ಖುಷಿಯಾಯಿತು. ಹೌದು, ಆಯಿತು.

ಅಕ್ಕ ಜಗ್ಗಲಿಲ್ಲ. ರಾಟೆ ತಿರುಗಿಸುತ್ತಲೇ ಇದ್ದಳು. ಶಿಕ್ಷೆ ಶುರುವಾಯಿತು. ಹಾಸೆಂದರೆ ಸೀರೆಯ ಉದ್ದನೆಯ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಓಣಿಯುದ್ದಕ್ಕೂ ಹಿಗ್ಗಿಸಿ ಕಟ್ಟಿ, ಗಂಜಿ ಹಚ್ಚಿ, ಎರಡೂ ಕಡೆ ಜನ ನಿಂತು ಕುಂಚದಿಂದ ತಿಕ್ಕಿ ಒಣಗಿಸಬೇಕು. ಇವತ್ತು ನಿಮ್ಮದಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ನಾಲ್ಕು ಜನರಿಂದ ಆಗುವ ಕೆಲಸ ಅದಲ್ಲ. ನಾವು ನಾಲ್ಕೇ ಜನ ಹಿಡಿದೆವು. ನಡುವೆ ಜೋತುಬಿದ್ದ ಎಳೆಗಳು ಮಣ್ಣಿಗೆ ತಾಗಿದವು, ಗಂಜಿ ಗಂಟುಗಟ್ಟಿತು, ಬಿಸಿಲೇರುವ ಹೊತ್ತಿಗೆ ಅರ್ಧ ಹಾಸು ಹರಿದು ನೆಲದಲ್ಲಿತ್ತು. ಎರಡೂ ಬದಿಯ ಮನೆಗಳ ಕಟ್ಟೆಯ ಮೇಲೆ ಜನ ಕೂತು ನೋಡುತ್ತಿದ್ದರು. ಅವರಲ್ಲಿ ಕೆಲವರ ಕಣ್ಣಲ್ಲಿ ನೀರಿತ್ತು. ಅವರ ಕಣ್ಣೀರಿಗೆ ಬೆಂಕಿ ಹಾಕ! ಎದ್ದು ಬಂದು ಒಂದು ತುದಿ ಹಿಡಿದಿದ್ದರೆ ಸಾಕಿತ್ತು.

"ಹುನಗುಂದದ ಕೋರ್ಟಿಗೆ ಹೋಗೂಣು ನಡೀರಿ" ಎಂದಳು ಅವ್ವ.

ಅಪ್ಪ ಹರಿದ ಎಳೆಗಳನ್ನು ಬಿಡಿಸುತ್ತ, "ಕೋರ್ಟ ತೀರ್ಪ ಕೊಡ್ತೈತಿ. ಹಾಸ ಹಿಡ್ಯಾಕ ಬರ್ತೈತೇನ?" ಎಂದ.

ಹುನಗುಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಪ್ಪ ಹೋಗಲೇ ಇಲ್ಲ. ನಾನು ಮರುದಿನ ಶಾಲೆಯಲ್ಲಿ ಮಾಸ್ತರರನ್ನು ಹಿಡಿದೆ.

"ಸರ್, ಮೂರೂ ಅಧಿಕಾರ ಒಬ್ಬಾಂವನ ಕಡೆ ಇರಬಾರದು ಅಂತ ನೀವ ಹೇಳಿದ್ರಿ. ಅಮಾಸಿ ದಿನ ಯಾಕ ಹೇಳಲಿಲ್ರಿ?"

ಅವರು ಆಚೀಚೆ ನೋಡಿದರು. "ತಂಗೀ, ಅದು ದೇಶದ ಮಾತು. ಇದು ನಮ್ಮ ಓಣಿದು. ಎರಡನ್ನೂ ಕೂಡಸಬಾರದು."

"ಆದ್ರ ನೀವ ಬರದ್ರಲ್ರಿ."

"ಅವರು ಹೇಳಿದ್ರು, ನಾ ಬರೇ ಬರದ್ನಿ. ಠರಾವ ನನ್ನದಲ್ಲವಾ."

ಬೇಲಿಯೇ ಎದ್ದು ಹೊಲ ಮೇಯ್ದರೆ ಒಂದು ರೀತಿಯ ಸಿಟ್ಟು ಬರುತ್ತದೆ. ಬೇಲಿ ಹೇಗೆ ಹಾಕಬೇಕೆಂದು ಊರಿಗೆಲ್ಲ ಕಲಿಸಿದವನು, ಮೇಯುವಾಗ ಪಕ್ಕದಲ್ಲಿ ನಿಂತು ಲೇಖನಿ ಹಿಡಿದರೆ ಬರುವ ಸಿಟ್ಟಿಗೆ ಹೆಸರಿಲ್ಲ. ಅವತ್ತಿನಿಂದ ಅವರಿಗೆ ನಮಸ್ಕಾರ ಮಾಡುವುದನ್ನು ಬಿಟ್ಟೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಅವರು ಕಲಿಸಿದಂತೆಯೇ ಉತ್ತರ ಬರೆದೆ, ಅವರೇ ಪೂರ್ತಿ ಅಂಕ ಕೊಟ್ಟರು.

ಇಪ್ಪತ್ತು ದಿನ ಮಗ್ಗ ಖಾಲಿ ಇತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಸುಮ್ಮನೆ ಕೂತಿರುತ್ತಿದ್ದ, ಕೈ ಮಾತ್ರ ನೇಯುವ ಹಾಗೆ ಅಲ್ಲಾಡುತ್ತಿತ್ತು. ಹೋಗೆಂದು ಅಕ್ಕನಿಗೆ ಒಮ್ಮೆಯೂ ಹೇಳಲಿಲ್ಲ. ಇರೆಂದೂ ಹೇಳಲಿಲ್ಲ. ಇಪ್ಪತ್ತೊಂದನೇ ದಿನ ಅಕ್ಕ ತಾನೇ ಟ್ರಂಕು ತುಂಬಿದಳು. ಬಸ್ ಸ್ಟ್ಯಾಂಡಿನವರೆಗೆ ಹೋದದ್ದು ನಾನೊಬ್ಬಳೇ. ಬಾಗಲಕೋಟೆಯ ಬಸ್ಸು ಬಂದಾಗ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಾ ಬರೇ ಓದಿದ್ನಿ" ಎಂದೆ.

"ಹೌದು" ಎಂದಳು. "ಅವರು ಬರೇ ಬರದ್ರು, ಅಪ್ಪ ಬರೇ ಕೇಳಿದ, ನೀ ಬರೇ ಓದಿದಿ. ಟ್ರಂಕ ಹಿಡಿ, ಮ್ಯಾಲ ಇಡೂಣು."

ಎಲ್ಲರಿಗಿಂತ ಹೆಚ್ಚು ಯಾರ ಮೇಲೆ ಸಿಟ್ಟೆಂದು ಈಗ ನಿಮಗೆ ಗೊತ್ತಾಗಿರಬೇಕು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ನೌಕರಿ ಸಿಕ್ಕು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದ್ದೆ. ಮೊದಲ ರವಿವಾರವೇ ಕೆರೂರಿಗೆ ಹೋದೆ. ಅಕ್ಕನ ಮುಂಗೈ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ: "ನಡಿ ಅಕ್ಕಾ, ನನ್ನ ಮನಿಗಿ ನಡಿ. ಅಲ್ಲಿ ದೈವ ಇಲ್ಲ, ಓಣಿ ಇಲ್ಲ. ಯಾರೂ ಕೇಳಾವರಿಲ್ಲ. ಕೋರ್ಟಿಗಿ ನಾ ಹೋಗ್ತೇನಿ. ವಕೀಲರ ಜೋಡಿ ಮಾತಾಡೇನಿ."

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನನ್ನ ಮಾತ ಬಿಡು. ಅದು ಆಗಿಹೋತು" ಎಂದಳು. ಬಾಗಿಲ ಬಳಿ ಆಕೆಯ ಮಗಳು ನಿಂತಿದ್ದಳು, ಹನ್ನೊಂದು ವರ್ಷದವಳು, ನಾನು ಸಿಹಿ ಕಟ್ಟಿಸಿ ತಂದಿದ್ದ ಹಳೆಯ ಪೇಪರು ಬಿಡಿಸಿಕೊಂಡು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು.

"ಇಕಿನ್ನ ಕರಕೊಂಡ ಹೋಗು" ಎಂದಳು ಅಕ್ಕ. "ನಿನ್ನಂಗ ಸುದ್ದ ಓದಾಕ ಕಲಸು. ಆದ್ರ ಯಾರರ ಕೈಯಾಗ ಕೊಟ್ಟದ್ದನ್ನೆಲ್ಲಾ ಓದಬಾರದು ಅನ್ನೂದನ್ನ ಮೊದಲ ಕಲಸು."